ಹೊಸ ಆಟಕ್ಕೆ ಗುಳೆ ಹೋಗುವ ಮುನ್ನ

ಯಾವುದಾದರೂ ಹೊಸ ಎಂಎಂಒ (ಸಾವಿರಾರು ಜನ ಒಂದೇ ಲೋಕದಲ್ಲಿ ಕೂಡಿ ಆಡುವ ಆನ್‌ಲೈನ್) ಆಟದ ಟ್ರೇಲರ್ ಹೊರಬಿದ್ದರೆ ಸಾಕು, ನಮ್ಮ ಗಿಲ್ಡ್‌ನ, ಅಂದರೆ ಒಟ್ಟಾಗಿ ಆಡುವ ನಮ್ಮ ತಂಡದ, ಹುಡುಗರು ಗಂಟುಮೂಟೆ ಕಟ್ಟಲು ಶುರು ಮಾಡುತ್ತಾರೆ. ಡ್ರ್ಯಾಗನ್ ಹಾರಿತು, ಕೋಟೆ ಹೊತ್ತಿ ಉರಿಯಿತು, ಹಿನ್ನೆಲೆಯಲ್ಲಿ ಮೇಳಗಾನ ಮೊಳಗಿತು. ಅಷ್ಟರಲ್ಲಿ 'ಯಾವಾಗ ಹೋಗೋಣ ಸರ್?' ಎಂಬ ಸಂದೇಶ ನನ್ನ ಮೊಬೈಲಿಗೆ ಬಂದಿರುತ್ತದೆ. ಗಿಲ್ಡ್ ನಡೆಸುವವನು ನಾನಾದ್ದರಿಂದ, ಎಲ್ಲರನ್ನೂ ಕಟ್ಟಿಕೊಂಡು ಹೊಸ ಆಟಕ್ಕೆ ಗುಳೆ ಹೋಗಬೇಕೋ ಬೇಡವೋ ಎಂಬ ತೀರ್ಮಾನವೂ ನನ್ನದೇ. ನಮ್ಮವರಲ್ಲಿ ಜಯನಗರದ ಆಸ್ಪತ್ರೆಯೊಂದರ ನರ್ಸ್ ಇದ್ದಾರೆ, ಯಲಹಂಕದ ಕಾಲೇಜು ಹುಡುಗರಿದ್ದಾರೆ, ವೈಟ್‌ಫೀಲ್ಡ್‌ನಿಂದ ಮನೆ ಸೇರುವಷ್ಟರಲ್ಲಿ ಅರ್ಧ ಜೀವವಾಗಿರುವ ಸಾಫ್ಟ್‌ವೇರ್‌ನವರಿದ್ದಾರೆ. ಇಷ್ಟು ಬಗೆಯ ಜನರಿಗೆ ಒಗ್ಗುವ ಆಟ ಯಾವುದು ಎಂಬುದನ್ನು ಟ್ರೇಲರ್ ಹೇಳುವುದಿಲ್ಲ.

ನಾನು ಮೊದಲು ವಿಚಾರಿಸುವುದು ಆಟವನ್ನು ನಡೆಸುವ ಕಂಪ್ಯೂಟರ್, ಅಂದರೆ ಸರ್ವರ್, ಎಲ್ಲಿದೆ ಎಂದು. ಆಪ್ಟಿಕಲ್ ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ಗೆರೆ ಎಳೆದರೂ 7,000 ಕಿ.ಮೀ. ದಾಟುತ್ತದೆ, ಅಂದರೆ ಸಂಕೇತ ಹೋಗಿಬರುವುದಕ್ಕೆ 70 ಮಿಲಿಸೆಕೆಂಡ್ ಬೇಕೇಬೇಕು. ಸಮುದ್ರದಡಿಯ ಕೇಬಲ್‌ಗಳು ನೇರ ಗೆರೆಯಲ್ಲಿ ಹೋಗುವುದಿಲ್ಲ, ಹಾಗಾಗಿ ನಮಗೆ ಸಿಗುವ ಪಿಂಗ್ (ಸಂಕೇತ ಹೋಗಿಬರುವ ಸಮಯ) ಅದರ ಹೆಚ್ಚುಕಡಿಮೆ ಎರಡರಷ್ಟು. ಚೆನ್ನೈ ದಡದಿಂದ ಕೇಬಲ್ ಇರುವ ಸಿಂಗಪುರವಾದರೆ ನಾನು ನಿರಾಳ. ಫೈನಲ್ ಫ್ಯಾಂಟಸಿ 14ರಲ್ಲಿ ಒಂದು ಮುಖ್ಯ ಹೊಡೆತಕ್ಕೂ ಮುಂದಿನದಕ್ಕೂ ನಡುವೆ ಎರಡೂವರೆ ಸೆಕೆಂಡಿನ ಅಂತರವಿರುವುದರಿಂದ ದೂರದ ಸರ್ವರನ್ನೂ ಒಂದಷ್ಟು ಸಹಿಸಿಕೊಳ್ಳಬಹುದು. ಕತ್ತಿ ಬೀಸಿದ ಕ್ಷಣವೇ ಪಕ್ಕಕ್ಕೆ ಉರುಳಬೇಕಾದ ಆಟಗಳಲ್ಲಿ ಮಾತ್ರ ಇಲ್ಲಿ ಉರುಳುವಷ್ಟರಲ್ಲಿ ಅಲ್ಲಿ ತಲೆ ಉರುಳಿರುತ್ತದೆ. ಗಡಿಯಾರದ ತಾಪತ್ರಯ ಬೇರೆ. ಯೂರೋಪಿನವರು ಚಳಿಗಾಲದಲ್ಲಿ ರಾತ್ರಿ 8ಕ್ಕೆ ರೇಡ್ (ದೊಡ್ಡ ಗುಂಪು ಕಟ್ಟಿ ಬಲಿಷ್ಠ ಶತ್ರುವಿನ ಮೇಲೆ ನಡೆಸುವ ದಾಳಿ) ಶುರು ಮಾಡಿದರೆ ನಮಗೆ ಆಗ ನಡುರಾತ್ರಿ 12.30. ಬೆಳಗಿನ ಪಾಳಿ ಇರುವ ನರ್ಸ್‌ಗೆ 'ಬನ್ನಿ ಅಕ್ಕ' ಎಂದು ಯಾವ ಬಾಯಲ್ಲಿ ಕರೆಯಲಿ?

ಇದೆಲ್ಲ ಸರಿಹೋದ ಮೇಲೆ ಅಸಲು ಪ್ರಶ್ನೆ: ಈ ಆಟದಲ್ಲಿ ಒಬ್ಬರಿಗೊಬ್ಬರು ಬೇಕಾಗುತ್ತಾರೆಯೇ?

1999ರಲ್ಲಿ ಬಂದ ಎವರ್‌ಕ್ವೆಸ್ಟ್‌ನಲ್ಲಿ ಮಂತ್ರವಾದಿಯ ಶಕ್ತಿ ಮುಗಿದರೆ ನೆಲದ ಮೇಲೆ ಕುಳಿತು ಧ್ಯಾನ ಮಾಡಬೇಕಿತ್ತು. ಕೆಳಗಿನ ಹಂತಗಳಲ್ಲಿ ಆಗ ಮಂತ್ರದ ಪುಸ್ತಕ ತೆರೆದುಕೊಂಡು ಆಟದ ದೃಶ್ಯವನ್ನೇ ಮುಚ್ಚಿಬಿಡುತ್ತಿತ್ತು. ಕಾಣುವುದೇನೂ ಇಲ್ಲ, ಜೊತೆಯವರೊಡನೆ ಮಾತಾಡುವುದೊಂದೇ ಕೆಲಸ. ಆ ಬೇಸರದಲ್ಲೇ ಸ್ನೇಹ ಕುದುರಿತು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ 2009ರ ಡಿಸೆಂಬರ್‌ನಲ್ಲಿ ಡಂಜನ್ ಫೈಂಡರ್ ತಂದಿತು. ಗುಂಡಿ ಒತ್ತಿದರೆ ಬೇರೆಬೇರೆ ಸರ್ವರ್‌ಗಳ ಐವರನ್ನು ಕಂಪ್ಯೂಟರೇ ಒಟ್ಟು ಮಾಡಿ ಗುಹೆಯೊಳಗೆ ಬಿಡುತ್ತದೆ. ಅನುಕೂಲವೇನೋ ಹೌದು, ಆದರೆ ಕೆಲಸ ಮುಗಿದ ಮೇಲೆ ಯಾರೂ ಯಾರಿಗೂ ಏನೂ ಅಲ್ಲ. ಹಾಗೆಂದು ಹಳೆಯ ಕಷ್ಟವನ್ನು ಹಾಗೆಯೇ ತಂದಿಟ್ಟರೂ ನಡೆಯುವುದಿಲ್ಲ. 40 ಜನ ಸೇರಿ ಮಾಡುವ ರೇಡ್‌ಗಳನ್ನೇ ಹೆಮ್ಮೆಯಿಂದ ಮೆರೆಸಿ 2014ರಲ್ಲಿ ಬಂದ ವೈಲ್ಡ್‌ಸ್ಟಾರ್ 2018ರಲ್ಲಿ ಬಾಗಿಲು ಮುಚ್ಚಿತು. ನೌಕರಿ, ಸಂಸಾರ ಇರುವ 40 ಜನರನ್ನು ಒಂದೇ ಹೊತ್ತಿಗೆ ಕೂಡಿಸುವುದು ಎಂಥ ಕೆಲಸವೆಂದು ಗಿಲ್ಡ್ ನಡೆಸುವ ಯಾರನ್ನಾದರೂ ಕೇಳಿ.

ಇತ್ತೀಚೆಗೆ ನಮಗೆ ಬೀಟಾ, ಅಂದರೆ ಬಿಡುಗಡೆಗೆ ಮುನ್ನವೇ ಆಡಿ ನೋಡುವ, ಅವಕಾಶ ಸಿಕ್ಕಿದ ಆಟವೊಂದರಲ್ಲಿ (ಹೆಸರು ಹೇಳಬಾರದೆಂಬ ಷರತ್ತಿದೆ, ಬಿಡಿ) ಆಯುಧಗಳು ಮೊಂಡಾಗುತ್ತವೆ. ಅವನ್ನು ಸಾಣೆ ಹಿಡಿಯಲು ಅಂಗಡಿಯಿಲ್ಲ, ಕಮ್ಮಾರಿಕೆ ಕಲಿತ ಇನ್ನೊಬ್ಬ ಆಟಗಾರನೇ ಬೇಕು. ಗಣಿಯೊಳಗೆ ಯಾರೋ ಅಪರಿಚಿತ ಬಿದ್ದಿದ್ದ. ನಮ್ಮ ನರ್ಸ್ ಆಟದಲ್ಲೂ ಹೀಲರ್, ಗಾಯ ವಾಸಿ ಮಾಡುವವರು. ದಾರಿ ಬಿಟ್ಟು ಹೋಗಿ ಅವನನ್ನು ಎಬ್ಬಿಸಿದರು. ಅವನು ತಲೆಬಾಗಿ ವಂದಿಸಿ, ಅಲ್ಲೇ ಕುಲುಮೆ ಹೂಡಿ, ನಮ್ಮೆಲ್ಲರ ಕತ್ತಿಗಳನ್ನು ಒಂದೊಂದಾಗಿ ಹದ ಮಾಡಿಕೊಟ್ಟ. ಒಂದು ಮಾತಿಲ್ಲ, ಬಹುಶಃ ಅವನ ಭಾಷೆಯೇ ಬೇರೆ. ಮರುದಿನ ಅದೇ ಹೊತ್ತಿಗೆ ನಾವು ಹೋದಾಗ ಗಣಿಯ ಬಾಯಿಯಲ್ಲಿ ಸುತ್ತಿಗೆ ಹಿಡಿದು ನಿಂತಿದ್ದ. 'ಅಕ್ಕ, ನಿಮ್ಮ ರೋಗಿ ಬಂದಿದ್ದಾರೆ' ಎಂದ ನಮ್ಮ ಹುಡುಗನೊಬ್ಬ. ಮುಂದೆ ಅವನು ನಮ್ಮ ಜೊತೆಯೇ ಆಡಿದ. ಕ್ವೆಸ್ಟ್‌ಗಳ ಕಥೆ ಪೇಲವವಾಗಿದ್ದರೂ ಆ ಆಟಕ್ಕೆ ನಾನು ಒಳ್ಳೆಯ ಅಂಕ ಕೊಟ್ಟಿದ್ದು ಇದಕ್ಕಾಗಿ. ಅಲ್ಲಿ ಗಂಟೆಯಷ್ಟೇ ಬಿಡುವಿರುವವರೂ ಕತ್ತಿ ಹದ ಮಾಡಿ ಗುಂಪಿಗೆ ಬೇಕಾದವರಾಗಬಹುದು. ದಿನವಿಡೀ ಆಡುವ ಹುಡುಗರು ಅವರನ್ನು ಕಾಯಬೇಕಾಗುತ್ತದೆ.

ಹಳಬರೂ ಹೊಸಬರೂ ಕೂಡಿ ಆಡಬಹುದೇ ಎಂಬುದನ್ನೂ ನೋಡುತ್ತೇನೆ. 2012ರ ಗಿಲ್ಡ್ ವಾರ್ಸ್ 2 ಇದನ್ನು ಚೆನ್ನಾಗಿ ಬಿಡಿಸಿತು: ದೊಡ್ಡ ಲೆವೆಲ್‌ನವನು ಚಿಕ್ಕವರ ಪ್ರದೇಶಕ್ಕೆ ಬಂದರೆ ಅವನ ಬಲ ಅಲ್ಲಿಗೆ ತಕ್ಕಷ್ಟು ಇಳಿಯುತ್ತದೆ. ಇನ್ನು ಆಟದ ಅಂಗಡಿ. ಬಟ್ಟೆ, ಕುದುರೆಯ ಜೀನು ಮಾರಿಕೊಳ್ಳಲಿ, ಬಲವನ್ನೇ ಮಾರಿದರೆ ನಾವು ಅತ್ತ ತಲೆ ಹಾಕುವುದಿಲ್ಲ. ಮೊದಲ ವಾರದ ಜನಜಂಗುಳಿಯನ್ನಂತೂ ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. 2021ರಲ್ಲಿ ನ್ಯೂ ವರ್ಲ್ಡ್ ಬಂದಾಗ ಆಟಗಳನ್ನು ಮಾರುವ ಸ್ಟೀಮ್ ತಾಣದಲ್ಲಿ ಏಕಕಾಲಕ್ಕೆ 9 ಲಕ್ಷಕ್ಕೂ ಹೆಚ್ಚು ಮಂದಿ ಆಡುತ್ತಿದ್ದರು. ಕೆಲವೇ ತಿಂಗಳಲ್ಲಿ ಬಹುಪಾಲು ಜನ ಕರಗಿಹೋದರು. ಅದಕ್ಕೆ ಬದಲು, ತಯಾರಕರು ಬೈಗುಳಕ್ಕೆ ಹೇಗೆ ಉತ್ತರಿಸುತ್ತಾರೆ ಎಂದು ಗಮನಿಸುತ್ತೇನೆ. ಫೈನಲ್ ಫ್ಯಾಂಟಸಿ 14 ಮೊದಲು 2010ರಲ್ಲಿ ಬಂದು ನೆಲಕಚ್ಚಿದಾಗ, ಅದನ್ನು ಕೆಡವಿ 2013ರಲ್ಲಿ ಹೊಸದಾಗಿ ಕಟ್ಟಿ ತಂದರು. ಅಂಥವರನ್ನು ನಂಬಬಹುದು.

ಬೀಟಾ ಮುಗಿದಿದೆ. ಬಿಡುಗಡೆಯ ದಿನ ನಮ್ಮಲ್ಲಿ ಇಬ್ಬರು ಮುಂದೆ ಹೋಗುತ್ತಾರೆ, ಒಬ್ಬರು ಕಮ್ಮಾರಿಕೆ ಕಲಿಯುವುದಕ್ಕೆ, ಇನ್ನೊಬ್ಬರು ಸಂಜೆ ಹೊತ್ತಿನ ಪಿಂಗ್ ನೋಡುವುದಕ್ಕೆ. ಉಳಿದವರು ತಿಂಗಳು ಕಳೆದ ಮೇಲೆ. ಅಲ್ಲಿಯವರೆಗೆ ಮುಂಗಡ ದುಡ್ಡು ಕೊಟ್ಟು ವಿಶೇಷ ಪ್ಯಾಕ್ ಯಾರೂ ಕೊಳ್ಳಬಾರದೆಂದು ಹೇಳಿಟ್ಟಿದ್ದೇನೆ. ಯಲಹಂಕದ ಹುಡುಗನೊಬ್ಬ ಆಗಲೇ ಕೊಂಡಿದ್ದಾನೆಂಬ ಸುದ್ದಿಯಿದೆ.