ಆ ದಿನವನ್ನು ಬೆಳಗಿನಿಂದ ಹೇಳಿಸುವುದು

ಅಕಾಲ ಸಾವಾದ ಮನೆಯವರು ನನ್ನ ಬಳಿ ಬಂದಾಗ ಸತ್ತವರ ವಿಷಯಕ್ಕಿಂತ ಸಾವಿನ ವಿಷಯವನ್ನೇ ಹೇಳುತ್ತಾರೆ. ಮಗನಿಗೆ ಏನು ಇಷ್ಟವಿತ್ತು, ಹೇಗೆ ನಗುತ್ತಿದ್ದ ಎಂದು ಕೇಳಿದರೆ ಎರಡು ಮಾತು ಆಡಿ ಮತ್ತೆ ಆಂಬುಲೆನ್ಸಿಗೆ, ಶವಾಗಾರದ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಹತ್ತು ಹನ್ನೆರಡು ವರ್ಷ ಸಾಕಿದ ಮಗುವಿನ ಬದುಕನ್ನೆಲ್ಲ ಕೊನೆಯ ಅರ್ಧ ಗಂಟೆ ಮುಚ್ಚಿಬಿಟ್ಟಿರುತ್ತದೆ. ನಾನು ಕ್ಲಿನಿಕಲ್ ಸೈಕಾಲಜಿ ಓದಿ, ಚಿಂತಾಮಣಿ ಮತ್ತು ಶಿಡ್ಲಘಟ್ಟದ ಸುತ್ತ ಆಪ್ತ ಸಮಾಲೋಚಕಿಯಾಗಿ ಕೆಲಸ ಮಾಡುತ್ತಿದ್ದೇನೆ. ಇಷ್ಟು ವರ್ಷಗಳಲ್ಲಿ ನನಗೆ ಖಚಿತವಾಗಿರುವ ಸಂಗತಿ ಒಂದೇ: ಆ ಅರ್ಧ ಗಂಟೆಯ ಭಯ ಇಳಿಯದೆ ಇವರಿಗೆ ದುಃಖಪಡುವುದಕ್ಕೂ ಆಗುವುದಿಲ್ಲ. ಹಾಗಾಗಿ ಮೊದಲು ಆಘಾತ, ಆಮೇಲೆ ಶೋಕ. ನಾನು ಕೆಲಸ ಮಾಡುವ ಕ್ರಮ ಇದು.

ಎಲ್ಲ ದುಃಖಕ್ಕೂ ಚಿಕಿತ್ಸೆ ಬೇಕಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಸಾವಾದ ಮೊದಲ ವಾರಗಳಲ್ಲಿ ಯಾರಾದರೂ ಕರೆದುಕೊಂಡು ಬಂದರೆ ನಾನು ಏನನ್ನೂ ಕೆದಕುವುದಿಲ್ಲ. ಊಟ ಸೇರುತ್ತಿದೆಯೇ, ರಾತ್ರಿ ಜೊತೆಗೆ ಯಾರು ಮಲಗುತ್ತಾರೆ, ಮರಣ ಪ್ರಮಾಣಪತ್ರಕ್ಕೆ ಯಾರು ಓಡಾಡುತ್ತಿದ್ದಾರೆ ಎಂದು ವಿಚಾರಿಸುತ್ತೇನೆ. ಮೂರನೆಯ ದಿನ ಹಾಲುತುಪ್ಪ, ಹನ್ನೊಂದನೆಯ ದಿನ ತಿಥಿ, ಮುಸ್ಲಿಮರ ಮನೆಯಲ್ಲಾದರೆ ನಲವತ್ತನೆಯ ದಿನ ಎಂದು ನಮ್ಮ ಊರುಗಳಲ್ಲಿ ಜನ ಬರುವುದಕ್ಕೆ, ಜೋರಾಗಿ ಅಳುವುದಕ್ಕೆ, ಕೂತು ಉಣ್ಣುವುದಕ್ಕೆ ದಿನಗಳೇ ಗೊತ್ತಾಗಿವೆ. ಆ ಕೆಲಸವನ್ನು ನನ್ನ ಕೋಣೆ ಮಾಡಲಾರದು. ಆಘಾತವಾದ ಕೂಡಲೇ ಕೂರಿಸಿಕೊಂಡು ಒಂದೇ ಸಲಕ್ಕೆ ಎಲ್ಲವನ್ನೂ ಹೇಳಿಸುವ ಪದ್ಧತಿ ಹಿಂದೆ ಇತ್ತು. ವಿಶ್ವ ಆರೋಗ್ಯ ಸಂಸ್ಥೆ ಈಗ ಅದನ್ನು ಬೇಡವೆನ್ನುತ್ತದೆ.

ಅದೇ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಹೇಳಿದ ಇನ್ನೊಂದು ಮಾತನ್ನು ನಾನು ಪ್ರತಿ ಮನೆಯಲ್ಲೂ ಹೇಳುತ್ತೇನೆ. ಗಂಡ ಸತ್ತ ದಿನವೇ ಹೆಂಡತಿಗೆ ನಿದ್ದೆ ಇಂಜೆಕ್ಷನ್ ಹಾಕಿಸಿ, ಆಮೇಲೆ ತಿಂಗಳುಗಟ್ಟಲೆ ಮೆಡಿಕಲ್ ಅಂಗಡಿಯಿಂದ ಅದೇ ಜಾತಿಯ ಮಾತ್ರೆ ತಂದುಕೊಡುವ ವಾಡಿಕೆ ಹಳ್ಳಿಗಳಲ್ಲಿದೆ. ಅಳು ನಿಲ್ಲಿಸಬೇಕೆಂಬ ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಆದರೆ ಆಘಾತದ ಮೊದಲ ತಿಂಗಳಲ್ಲಿ ಬೆಂಜೊಡಯಾಜೆಪಿನ್ ಗುಂಪಿನ ಈ ಮಾತ್ರೆಗಳನ್ನು ಕೊಡಬಾರದೆಂದೇ ಮಾರ್ಗಸೂಚಿ ಇದೆ. ಅಳಬೇಕಾದ ಹೊತ್ತಿನಲ್ಲಿ ಅಳಲು ಬಿಡದಿರುವುದು ನನ್ನ ಕಣ್ಣಿಗೆ ದೊಡ್ಡ ಅನ್ಯಾಯ. ಹಾಗೆಂದು ಆಗಲೇ ದಿನಾ ತೆಗೆದುಕೊಳ್ಳುತ್ತಿರುವವರು ಥಟ್ಟನೆ ನಿಲ್ಲಿಸಬಾರದು. ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸಬೇಕು.

ಹಾಗಾದರೆ ಚಿಕಿತ್ಸೆ ಯಾರಿಗೆ ಬೇಕು? ಅಂತರರಾಷ್ಟ್ರೀಯ ರೋಗ ವರ್ಗೀಕರಣದ ಹನ್ನೊಂದನೆಯ ಆವೃತ್ತಿ ದೀರ್ಘಕಾಲದ ಶೋಕವನ್ನು ಒಂದು ತೊಂದರೆಯೆಂದು ಗುರುತಿಸಿ ಕನಿಷ್ಠ 6 ತಿಂಗಳ ಗಡಿ ಇಟ್ಟಿದೆ. ಅಮೆರಿಕದ ಮನೋವೈದ್ಯರ ಕೈಪಿಡಿ 2022ರಲ್ಲಿ ದೊಡ್ಡವರಿಗೆ 12 ತಿಂಗಳೆಂದು ಹೇಳಿತು. ನಾನು ಕ್ಯಾಲೆಂಡರ್ ಜೊತೆಗೆ ಮನೆಯನ್ನೂ ನೋಡುತ್ತೇನೆ. ತೋಟದ ಆ ಮೂಲೆಗೆ ಕಾಲಿಡುತ್ತಾರೆಯೇ, ಉಳಿದ ಮಕ್ಕಳ ಶಾಲೆಯ ವಿಚಾರ ಅವರಿಗೆ ಗೊತ್ತಿದೆಯೇ, ಆ ದೃಶ್ಯ ತಾನಾಗಿಯೇ ಕಣ್ಣೆದುರು ಬಂದು ಎದೆ ಹೊಡೆದುಕೊಳ್ಳುತ್ತದೆಯೇ. ಸಾಯಬೇಕೆಂಬ ಯೋಚನೆ ಬಂದಿದೆಯೇ ಎಂದು ನೇರವಾಗಿ, ಮೊದಲ ಭೇಟಿಯಲ್ಲೇ ಕೇಳುತ್ತೇನೆ. ಕೇಳಿದರೆ ಯೋಚನೆ ಹುಟ್ಟುತ್ತದೆ ಎಂಬ ಹೆದರಿಕೆ ಸುಳ್ಳು. ಹೌದೆಂದರೆ ಅಂದೇ ಮನೆಯವರನ್ನು ಕರೆದು ತೋಟಕ್ಕೆ ಹೊಡೆಯುವ ಕೀಟನಾಶಕದ ಡಬ್ಬಿಗಳನ್ನು ಬೇರೆಯವರ ವಶಕ್ಕೆ ಕೊಡಿಸಿ, ಮನೋವೈದ್ಯರ ಬಳಿಗೆ ಕಳುಹಿಸುತ್ತೇನೆ. ಉಳಿದದ್ದೆಲ್ಲ ಆಮೇಲೆ.

ಒಬ್ಬ ತಂದೆಯ ವಿಷಯ ಬರೆಯುತ್ತೇನೆ. ಗುರುತು ಸಿಗಬಾರದೆಂದು ಹಲವು ಮನೆಗಳ ವಿವರಗಳನ್ನು ಬೆರೆಸಿದ್ದೇನೆ.

ನಮ್ಮ ಕಡೆ ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರು ಸಿಗುವ ಭರವಸೆ ಇಲ್ಲ. ಸಿಕ್ಕ ನೀರನ್ನು ಕರೆಂಟ್ ಇದ್ದಾಗ ಕೃಷಿ ಹೊಂಡಕ್ಕೆ ತುಂಬಿಸಿಕೊಂಡು ಹಿಪ್ಪುನೇರಳೆಗೂ ಟೊಮೆಟೊಗೂ ಹನಿ ನೀರಾವರಿಯಲ್ಲಿ ಬಿಡುತ್ತಾರೆ. ಹೊಂಡದ ಗೋಡೆ ಇಳಿಜಾರು, ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಪಾಚಿ. ಜಾರಿದವರಿಗೆ ಕಾಲೂರಲು ಜಾಗವಿಲ್ಲ. ಈಜು ಬಂದರೂ ಹತ್ತಲಾಗುವುದಿಲ್ಲ. ಇವರ ಮಗ ಹೋಗಿದ್ದು ಹಾಗೆ. ಒಂದು ವರ್ಷದ ಮೇಲೆ ಅವರ ಬಾವಮೈದುನ ಕರೆದುಕೊಂಡು ಬಂದಾಗ ಅವರು ಆಡಿದ ಮೊದಲ ಮಾತು: “ನಾನೇ ತೋಡಿಸಿದ ಗುಂಡಿ ಮೇಡಂ. ನನ್ನ ಮಗನಿಗೆ ನಾನೇ ತೋಡಿಸಿದೆ.”

ತೋಟವನ್ನು ಗುತ್ತಿಗೆಗೆ ಕೊಟ್ಟಿದ್ದರು. ನೀರಿನ ಸದ್ದಾದರೆ ಬೆವರುತ್ತಿದ್ದರು. ಮಗನ ಫೋಟೊ ಬೀರುವಿನಲ್ಲಿತ್ತು. ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸಿದ್ದರು, ಮುರುಗಮಲ್ಲ ದರ್ಗಾಕ್ಕೂ ಹೋಗಿ ಬಂದಿದ್ದರು. ಇಂಥವನ್ನು ನಾನು ಬಿಡಿಸುವುದಿಲ್ಲ. ದರ್ಗಾದಲ್ಲಿ ರಾತ್ರಿ ಕಳೆದು ಬಂದವರು ಎಷ್ಟೋ ಸಲ ನಾಲ್ಕು ಜನರ ನಡುವೆ ಕುಳಿತು ಬಂದ ಸಮಾಧಾನದಲ್ಲಿರುತ್ತಾರೆ. ಮಾತ್ರೆ ನಿಲ್ಲಿಸುವುದು, ಹೊಡೆಯುವುದು, ಕಟ್ಟಿಹಾಕುವುದು ಮಾತ್ರ ಕೂಡದೆಂದು ಕಟ್ಟುನಿಟ್ಟಾಗಿ ಹೇಳುತ್ತೇನೆ.

ಮೊದಲ ಕೆಲವು ಭೇಟಿಗಳು ದೇಹಕ್ಕೆ. ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹೊರಗೆ ಬಿಡುವುದು. ಪಾದಗಳನ್ನು ನೆಲಕ್ಕೆ ಒತ್ತಿ ಕಣ್ಣಿಗೆ ಕಾಣುವ ಐದು ವಸ್ತುಗಳನ್ನು ಹೆಸರಿಸುವುದು. ಪಟ್ಟಣದಲ್ಲಿ ಇದನ್ನು ಹೇಳಿಕೊಟ್ಟರೆ ಸಾಕು. ಹೊಲದಲ್ಲಿ ದುಡಿಯುವವರಿಗೆ ಕೈಗೆ ಏನಾದರೂ ಬೇಕು. ಇವರು ಜೇಬಿನಲ್ಲಿ ಒಂದು ಹುಣಸೆ ಬೀಜ ಇಟ್ಟುಕೊಂಡು, ಎದೆ ಹೊಡೆದುಕೊಂಡಾಗ ಅದರ ನುಣುಪನ್ನು ಬೆರಳಿನಲ್ಲಿ ನೋಡುತ್ತಿದ್ದರು. ಭಯ ಎಷ್ಟಿದೆ ಎಂದು ಸೊನ್ನೆಯಿಂದ ನೂರರವರೆಗಿನ ಅಳತೆಯಲ್ಲಿ ಕೇಳಬೇಕೆಂದು ಪುಸ್ತಕಗಳು ಹೇಳುತ್ತವೆ. ನಮ್ಮ ಹಿರಿಯರಿಗೆ ಆ ಲೆಕ್ಕ ಹತ್ತುವುದಿಲ್ಲ, ನಾನು ಆಣೆಯಲ್ಲಿ ಕೇಳುತ್ತೇನೆ. “ರೂಪಾಯಿಗೆ ಎಷ್ಟಾಣೆ ಭಯ ಅಣ್ಣಾ?” ಎಂದರೆ “ಹದಿನಾಲ್ಕಾಣೆ” ಎಂದು ತಡವರಿಸದೆ ಹೇಳಿದರು.

ಆಮೇಲೆ ಆ ದಿನ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಎಡ್ನಾ ಫೋವಾ ರೂಪಿಸಿದ ದೀರ್ಘ ಎದುರುಗೊಳ್ಳುವಿಕೆಯ ಪದ್ಧತಿಯನ್ನೇ ನಾನು ಮುಖ್ಯವಾಗಿ ಅನುಸರಿಸುತ್ತೇನೆ. ಸಾಮಾನ್ಯವಾಗಿ ಇದು 8ರಿಂದ 15 ಭೇಟಿಗಳಲ್ಲಿ ನಡೆಯುತ್ತದೆ. ಕಣ್ಣು ಮುಚ್ಚಿ, ಈಗಲೇ ನಡೆಯುತ್ತಿದೆ ಎಂಬಂತೆ, ಆ ದಿನವನ್ನು ಹೇಳಬೇಕು. ನಾನು ಬೆಳಗ್ಗೆ ಎದ್ದ ಹೊತ್ತಿನಿಂದ ಶುರು ಮಾಡಿಸುತ್ತೇನೆ. ಭಯದ ನೆನಪಿಗೆ ಹಿಂದುಮುಂದು ಇರುವುದಿಲ್ಲ. ನೀರು, ಚಪ್ಪಲಿ, ಕೂಗು ಎಂದು ತುಂಡು ತುಂಡಾಗಿ ಬಂದು ಅಪ್ಪಳಿಸುತ್ತದೆ. ಬೆಳಗಿನಿಂದ ಹೇಳಿದಾಗ ಆ ತುಂಡುಗಳಿಗೆ ಜಾಗ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಆ ದಿನಕ್ಕೆ ಒಂದು ಕೊನೆ ಇತ್ತು ಎಂಬುದು ದೇಹಕ್ಕೂ ತಿಳಿಯುತ್ತದೆ.

ಮೊದಲ ಸಲ ಅವರು ಪೊಲೀಸರಿಗೆ ಹೇಳಿಕೆ ಕೊಟ್ಟಂತೆ ಹೇಳಿದರು: ಇಷ್ಟು ಗಂಟೆಗೆ ಹೋದೆ, ಇಂಥವರು ಬಂದರು, ಎತ್ತಿದರು. ಕನ್ನಡದಲ್ಲಿ, ಕಣ್ಣೀರಿಲ್ಲದೆ. ನಮ್ಮ ಸೀಮೆಯಲ್ಲಿ ಬಹಳ ಮನೆಗಳ ಮಾತು ತೆಲುಗು. ಶಾಲೆಗೆ, ಠಾಣೆಗೆ, ಕಚೇರಿಗೆ ಕನ್ನಡ. ಮುಂದಿನ ಸಲ ನಿಮ್ಮ ತಾಯಿಗೆ ಹೇಳುವಂತೆ ಹೇಳಿ ಎಂದೆ. ಹೊಂಡದ ಬದುವಿನ ಬಳಿ ಬರುತ್ತಿದ್ದಂತೆ ತೆಲುಗಿಗೆ ಹೊರಳಿದರು. ಮೈ ನಡುಗಿತು. ನಾನು ನಿಲ್ಲಿಸಲಿಲ್ಲ, “ಇಲ್ಲಿದ್ದೇನೆ, ಮುಂದೆ ಏನು ಕಾಣುತ್ತಿದೆ?” ಎಂದಷ್ಟೇ ಕೇಳುತ್ತ ಹೋದೆ. ಮುಗಿದ ಮೇಲೆ ಮತ್ತೊಮ್ಮೆ, ಮತ್ತೊಮ್ಮೆ. ಒಂದೇ ಭೇಟಿಯಲ್ಲಿ ಮರುಹೇಳಿಸುವುದು ನೋಡುವವರಿಗೆ ಕ್ರೌರ್ಯವೆನ್ನಿಸಬಹುದು. ಅರ್ಧಕ್ಕೆ ನಿಲ್ಲಿಸಿ ಮನೆಗೆ ಕಳುಹಿಸುವುದೇ ನಿಜವಾದ ಕ್ರೌರ್ಯ, ಏಕೆಂದರೆ ಭಯ ಏರಿದ ಜಾಗದಲ್ಲೇ ಅವರನ್ನು ಬಿಟ್ಟಂತಾಗುತ್ತದೆ. ಅದಕ್ಕಾಗಿಯೇ ಈ ಭೇಟಿಗಳಿಗೆ ಒಂದೂವರೆ ಗಂಟೆ ಮೀಸಲಿಡುತ್ತೇನೆ, ಕೊನೆಯ ಕಾಲು ಗಂಟೆ ಉಸಿರಿಗೆ, ಮಾತಿಗೆ, ಒಂದು ಲೋಟ ಚಹಾಕ್ಕೆ. ತರಬೇತಿ ಇಲ್ಲದವರು, ಎಷ್ಟೇ ಪ್ರೀತಿಯಿದ್ದರೂ, ಮನೆಯಲ್ಲಿ ಇದನ್ನು ಮಾಡಿಸಲು ಹೋಗಬಾರದು.

ಹೇಳಿದ್ದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ದಿನಾ ಕೇಳಬೇಕೆಂಬುದು ಈ ಪದ್ಧತಿಯ ಮನೆಗೆಲಸ. ಒಂದು ಕೋಣೆಯ ಮನೆಯಲ್ಲಿ ಅದು ಆಗದ ಮಾತು. ಇಯರ್‌ಫೋನ್ ಹಾಕಿಕೊಂಡು ಕೂತರೂ ಹೆಂಡತಿ, ಮಕ್ಕಳು ಮುಖ ನೋಡುತ್ತಿರುತ್ತಾರೆ. ಇವರು ಅಣ್ಣನ ರೇಷ್ಮೆ ಹುಳುಮನೆಯಲ್ಲಿ, ಸೊಪ್ಪು ಹಾಕಿದ ಮೇಲೆ ಯಾರೂ ಇಲ್ಲದ ಹೊತ್ತಿನಲ್ಲಿ ಕೇಳುತ್ತಿದ್ದರು. ಜಾಗ ಹುಡುಕಿಕೊಡುವುದೂ ಚಿಕಿತ್ಸೆಯ ಭಾಗವೇ. ಇದರ ಜೊತೆಗೆ ತೋಟದ ದಾರಿ: ಮೊದಲು ಗೇಟಿನವರೆಗೆ, ಆಮೇಲೆ ಪಂಪ್‌ಹೌಸಿನವರೆಗೆ, ಬಾವಮೈದುನನ ಜೊತೆ ಬದುವಿನವರೆಗೆ. ಪ್ರತಿ ಜಾಗದಲ್ಲೂ ಆಣೆ ಇಳಿಯುವವರೆಗೆ ನಿಲ್ಲಬೇಕು. ಭಯ ಜೋರಾಗಿರುವಾಗ ಓಡಿಬಂದರೆ, ಓಡಿದ್ದರಿಂದಲೇ ಬದುಕಿದೆ ಎಂದು ದೇಹ ನಂಬಿಕೊಳ್ಳುತ್ತದೆ.

ಅಪರಾಧಿ ಭಾವ ಹೀಗೆ ಇಳಿಯುವುದಿಲ್ಲ, ಅದಕ್ಕೆ ಬೇರೆ ಮಾತು ಬೇಕು. ಊರಿನವರೆಲ್ಲ “ನಿನ್ನ ತಪ್ಪಿಲ್ಲ, ಹಣೆಬರಹ” ಎಂದು ಹೇಳಿ ಮುಗಿಸಿದ್ದರು, ಒಂದು ಮಾತೂ ಅವರೊಳಗೆ ಇಳಿದಿರಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಪೆಟ್ರೀಷಿಯಾ ರೆಸಿಕ್ ರೂಪಿಸಿದ ಪದ್ಧತಿಯಲ್ಲಿ ಸಮಾಧಾನ ಹೇಳುವುದಿಲ್ಲ, ಪ್ರಶ್ನೆ ಕೇಳುತ್ತೇವೆ. ಹೊಂಡ ತೋಡಿಸಿದ ದಿನ ನಿಮ್ಮ ಮನಸ್ಸಿನಲ್ಲಿ ಏನಿತ್ತು? ಮಗ ಅಂದು ಶಾಲೆಯಿಂದ ಬೇಗ ಬರುತ್ತಾನೆಂದು ನಿಮಗೆ ಗೊತ್ತಿತ್ತೇ? ಬೇಲಿ ಹಾಕಿಸದಿದ್ದುದು ಏಕೆ? ಬೇಕೆಂದೇ ಮಾಡಿದ್ದು, ಗಮನ ತಪ್ಪಿದ್ದು, ಊಹೆಗೆ ಸಿಗದೇ ಹೋದದ್ದು — ಈ ಮೂರನ್ನು ಅವರೇ ಬಿಡಿಸಿ ಇಡಬೇಕು. ಬೇಲಿಯ ದುಡ್ಡನ್ನು ಮುಂದಿನ ಬೆಳೆಗೆಂದು ಮುಂದೂಡಿದ್ದರು. ಆ ಒಂದು ಪಶ್ಚಾತ್ತಾಪ ಉಳಿಯಿತು. ಉಳಿಯಲಿ ಎಂದು ಬಿಟ್ಟೆ, ಅದು ನಿಜವಾದದ್ದು. ಮಗನನ್ನು ಕೊಂದವನು ತಾನು ಎಂಬ ಮಾತು ಮಾತ್ರ ಉಳಿಯಲಿಲ್ಲ. ಅವರು ಹೊಂಡದ ಸುತ್ತ ತಂತಿಬೇಲಿ ಹಾಕಿಸಿದರು, ಒಳಗೆ ಹಗ್ಗ ಕಟ್ಟಿ ಗಾಳಿ ತುಂಬಿದ ಟ್ಯೂಬ್ ತೇಲಿಬಿಟ್ಟರು. ಪಕ್ಕದ ತೋಟದವರಿಗೂ ಹೇಳಿ ಹಾಕಿಸಿದರು.

ಇಷ್ಟಾದ ಮೇಲೆಯೇ ಅವರು ಮಗನಿಗಾಗಿ ಅತ್ತದ್ದು. ಅಲ್ಲಿಯವರೆಗೆ ಅತ್ತದ್ದೆಲ್ಲ ಆ ದೃಶ್ಯಕ್ಕೆ.

ಶೋಕದ ಕೆಲಸದಲ್ಲಿ ನನಗೆ ಹೆಚ್ಚು ನೆರವಾದದ್ದು ಕೊಲಂಬಿಯಾ ವಿಶ್ವವಿದ್ಯಾಲಯದ ಕ್ಯಾಥರೀನ್ ಶಿಯರ್ ಅವರ 16 ಭೇಟಿಗಳ ಪದ್ಧತಿ. ಅದರಲ್ಲಿ ತೀರಿಕೊಂಡವರೊಡನೆ ಮಾತನಾಡುವ ಒಂದು ಹಂತವಿದೆ. ತಾನೂ ಆಡಬೇಕು, ಅವರ ಪರವಾಗಿ ಉತ್ತರವನ್ನೂ ಕೊಡಬೇಕು. ನಮ್ಮವರಿಗೆ ಇದು ಹೊಸದಲ್ಲ, ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಟ್ಟು ಮಾತನಾಡಿಸುವವರೇ. ಬೀರುವಿನಿಂದ ಫೋಟೊ ಹೊರಗೆ ತರಿಸಿ ಎದುರಿಗಿಟ್ಟೆ. ಮಗನ ಪರವಾಗಿ ಅವರು ಹೇಳಿದ ಮಾತನ್ನು ಇಲ್ಲಿ ಬರೆಯುವುದಿಲ್ಲ, ಅದು ಅವರದು.

ಅವರ ಪತ್ನಿಯ ವಿಷಯ ಬೇರೆಯಾಗಿತ್ತು. ತಿಥಿ ಮುಗಿದ ಕೆಲವೇ ದಿನಗಳಿಗೆ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋದವರು, “ಹೆತ್ತ ಕರುಳೇ ಇದು?” ಎಂದು ಓರಗಿತ್ತಿಯಿಂದ ಮಾತು ಕೇಳಿದ್ದರು. ಗಂಡನೂ ಹಾಗೆಯೇ ತಿಳಿದಿದ್ದರು. ನೆದರ್ಲೆಂಡ್ಸಿನ ಸಂಶೋಧಕರಾದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ 1999ರಲ್ಲಿ ಹೇಳಿದ್ದು ಇಲ್ಲಿ ನೇರವಾಗಿ ಉಪಯೋಗಕ್ಕೆ ಬಂತು: ದುಃಖದಲ್ಲಿರುವವರು ನಷ್ಟದ ಕಡೆಗೂ ಬದುಕು ಕಟ್ಟುವ ಕಡೆಗೂ ಓಲಾಡುತ್ತಿರುತ್ತಾರೆ, ಆ ಓಲಾಟವೇ ಆರೋಗ್ಯ. ಕೆಲಸಕ್ಕೆ ಹೋಗುವುದು ಮರೆತದ್ದರ ಗುರುತಲ್ಲ. ಇಬ್ಬರನ್ನೂ ಎದುರು ಬದುರು ಕೂರಿಸಿ, ದಿನದಲ್ಲಿ ಮಗ ಯಾವ ಹೊತ್ತಿಗೆ ನೆನಪಾಗುತ್ತಾನೆ ಎಂದು ಒಬ್ಬೊಬ್ಬರಾಗಿ ಹೇಳಿಸಿದೆ. ಆಕೆಗೆ ಬಸ್ಸಿನಲ್ಲಿ, ಬರುವಾಗ. ಅದು ಗಂಡನಿಗೆ ಗೊತ್ತೇ ಇರಲಿಲ್ಲ. ಮಗುವನ್ನು ಕಳೆದುಕೊಂಡ ದಂಪತಿಗಳಲ್ಲಿ ಒಬ್ಬರಿಗೆ ಚಿಕಿತ್ಸೆ ಕೊಟ್ಟು ಇನ್ನೊಬ್ಬರನ್ನು ಹೊರಗಿನ ಬೆಂಚಿನಲ್ಲಿ ಕೂರಿಸುವುದನ್ನು ನಾನು ಒಪ್ಪುವುದಿಲ್ಲ.

ಬದುಕಿನುದ್ದಕ್ಕೂ ಒಂದರ ಮೇಲೊಂದು ಹೊಡೆತ ತಿಂದವರಿಗೆ ಒಂದೇ ದಿನವನ್ನು ಹೇಳಿಸಿ ಪ್ರಯೋಜನವಿಲ್ಲ. ಅವರಿಗೆ, ಯುದ್ಧದಿಂದ ತಪ್ಪಿಸಿಕೊಂಡು ಬಂದ ನಿರಾಶ್ರಿತರಿಗಾಗಿ ಜರ್ಮನಿಯ ಕಾನ್‌ಸ್ಟಾನ್ಸ್ ವಿಶ್ವವಿದ್ಯಾಲಯದವರು ರೂಪಿಸಿದ ಕಥನ ಪದ್ಧತಿ ಹಿಡಿಸುತ್ತದೆ. ನೆಲದ ಮೇಲೆ ಹಗ್ಗ ಹಾಸಿ, ಹುಟ್ಟಿನಿಂದ ಇಂದಿನವರೆಗೆ ಒಳ್ಳೆಯ ಸಂಗತಿಗೆ ಹೂವು, ಕೆಟ್ಟದ್ದಕ್ಕೆ ಕಲ್ಲು ಇಡಿಸುತ್ತೇವೆ. ಅಕ್ಷರ ಬಾರದ ಹೆಂಗಸರು ಇದನ್ನು ಎಷ್ಟು ಲೀಲಾಜಾಲವಾಗಿ ಮಾಡುತ್ತಾರೆಂದರೆ ನಾನು ಸುಮ್ಮನೆ ನೋಡುತ್ತಿರುತ್ತೇನೆ. ಆಘಾತವನ್ನು ನೆನೆಯುತ್ತ ಕಣ್ಣನ್ನು ಅತ್ತಿತ್ತ ಆಡಿಸುವ ಚಿಕಿತ್ಸೆ ಇದೆಯಂತಲ್ಲ ಎಂದು ಕೆಲವರು ಕೇಳುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ರಾನ್ಸಿನ್ ಶಪೀರೊ 1987ರಲ್ಲಿ ಆರಂಭಿಸಿದ ಇಎಂಡಿಆರ್ ಅದು, ವಿಶ್ವ ಆರೋಗ್ಯ ಸಂಸ್ಥೆಯೂ ಶಿಫಾರಸು ಮಾಡುತ್ತದೆ. ಅದರಲ್ಲಿ ನನಗೆ ತರಬೇತಿ ಆಗಿಲ್ಲ, ಕೇಳಿದವರನ್ನು ಬೆಂಗಳೂರಿಗೆ ಕಳುಹಿಸುತ್ತೇನೆ. ಖಿನ್ನತೆ ಜೊತೆಗಿದ್ದರೆ ಔಷಧಿಗೆ ಮನೋವೈದ್ಯರೇ ಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಯಾವ ದಿನ ಸಿಗುತ್ತಾರೆಂದು ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿಕೊಳ್ಳಬಹುದು. ನಿಮ್ಹಾನ್ಸ್ ಕೂಡ ನಮಗೆ ಬಹಳ ದೂರವಲ್ಲ.

ಚಿಕಿತ್ಸೆ ಮುಗಿಸುವ ಮೊದಲು ಕ್ಯಾಲೆಂಡರ್ ತೆಗೆದು ಕೂರುತ್ತೇನೆ. ವರ್ಷದ ತಿಥಿ, ಮಗುವಿನ ಹುಟ್ಟುಹಬ್ಬ, ಅವನ ಜೊತೆಯ ಮಕ್ಕಳ ಎಸ್ಸೆಸ್ಸೆಲ್ಸಿ ಫಲಿತಾಂಶ, ಯುಗಾದಿ. ಈ ದಿನಗಳ ಹಿಂದಿನ ವಾರದಲ್ಲಿ ನಿದ್ದೆ ಕೆಡುವುದು, ಹಳೆಯ ದೃಶ್ಯ ಬರುವುದು ಸಹಜ. ಆ ದಿನ ಯಾರು ಮನೆಯಲ್ಲಿರಬೇಕು, ಅಡುಗೆ ಯಾರದು, ಸಮಾಧಿಗೆ ಯಾರ ಜೊತೆ ಹೋಗುವುದು ಎಂದು ಮೊದಲೇ ಗೊತ್ತುಮಾಡಿಕೊಳ್ಳುತ್ತೇವೆ. ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬೇಕು. ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೂ ತೆಲುಗಿನಲ್ಲೂ ಮಾತನಾಡಬಹುದು. ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಡುವುದಿಲ್ಲ. ನನ್ನೆದುರಿಗೇ ಅವರ ಮೊಬೈಲಿನಲ್ಲಿ, ಮನೆಯ ಇನ್ನೊಬ್ಬರ ಮೊಬೈಲಿನಲ್ಲೂ, ಉಳಿಸಿಕೊಡುತ್ತೇನೆ.