ಫೆಸ್ಟ್ ಫೋಟೋ ನೋಡಲಿಲ್ಲ, ಹಾಜರಿ ಬಗ್ಗೆ ಕೇಳಿದೆ

ಸಿಇಟಿ ರ‍್ಯಾಂಕ್ ಬಂದ ಮೇಲೆ ಮನೆಯಲ್ಲಿ ಎರಡು ಪಕ್ಷವಾಯಿತು. ಕಲಬುರಗಿಯಲ್ಲೇ 1958ರಿಂದ ಪಿಡಿಎ ಎಂಜಿನಿಯರಿಂಗ್ ಕಾಲೇಜು ಇರುವಾಗ ಬೆಂಗಳೂರು ಯಾಕೆ ಎಂಬುದು ಅಪ್ಪನ ವಾದ. ಓದೂ ಗಟ್ಟಿಯಾಗಬೇಕು, ನಾಟಕವೂ ಬಿಡಬಾರದು ಎಂಬುದು ನನ್ನದು.

ಮೊದಲು ನನ್ನ ರ‍್ಯಾಂಕಿಗೆ ಯಾವುದು ಸಿಗುತ್ತದೆ ನೋಡಿದೆ. ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಹಿಂದಿನ ವರ್ಷದ ಕಟಾಫ್, ಅಂದರೆ ಸೀಟು ಸಿಕ್ಕ ಕೊನೆಯ ರ‍್ಯಾಂಕ್, ಹಾಕಿರುತ್ತದೆ. ನಮ್ಮ ಕಡೆಯವರು ಹೈ-ಕ (ಹೈದರಾಬಾದ್-ಕರ್ನಾಟಕ, ಈಗಿನ ಕಲ್ಯಾಣ ಕರ್ನಾಟಕ) ಪಟ್ಟಿ ತೆರೆಯಬೇಕು. ಸಾಮಾನ್ಯ ಪಟ್ಟಿ ನೋಡಿಯೇ ಹೆದರಿ ಕೂತವರು ನನ್ನ ಕ್ಲಾಸಿನಲ್ಲಿದ್ದರು! ಸಂವಿಧಾನದ 371ಜೆ ವಿಧಿಯ ಅಡಿ ಇಲ್ಲಿನ ಕಾಲೇಜುಗಳಲ್ಲಿ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟು ನಮಗಿವೆ. ಅದಕ್ಕೆ ಬೇಕಾದ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟಿದ್ದೆ.

ಆಮೇಲೆ ಸೀನಿಯರ್‌ಗಳಿಗೆ ಫೋನು. "ಕಾಲೇಜ್ ಹೆಂಗದ?" ಅಂದರೆ ಎಲ್ಲರೂ "ಮಸ್ತ್ ಅದ" ಅಂತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳಲ್ಲಿ ಶೇ 85 ಹಾಜರಿ ಬೇಕು. ಓದಿಗೂ ಉಳಿದದ್ದಕ್ಕೂ ಜಗಳ ಹತ್ತುವುದು ಅಲ್ಲೇ. ಹಾಗಾಗಿ ನಾನು ಕೇಳಿದ್ದು: "ಅಕ್ಕಾ, ನಾಟಕದ ಸ್ಪರ್ಧೆಗೆ ಹೋದ್ರ ಹಾಜರಿ ಕೊಡ್ತಾರೇನು? ತಪ್ಪಿದ ಲ್ಯಾಬ್ ಮತ್ತ ಮಾಡಸ್ತಾರೇನು?"

ಒಬ್ಬ ಅಕ್ಕ ನಕ್ಕುಬಿಟ್ಟಳು. "ಕೊಡ್ತಾರ ತಂಗಿ, ಆದ್ರ ಎಚ್‌ಓಡಿ ಸಹಿಗೆ ವಾರಗಟ್ಟಲೆ ತಿರಗಬೇಕು." ಇನ್ನೊಬ್ಬಳು, "ನಮ್ಮಲ್ಲಿ ಕ್ಲಬ್ ನೋಡ್ಕೊಳ್ಳೋ ಸರ್ ಅವರೇ ಹೆಸರು ಕಳಸ್ತಾರ. ಲ್ಯಾಬ್ ಶನಿವಾರ ಮಾಡ್ಕೋತೀವಿ" ಅಂದಳು. ಬೆಂಗಳೂರಿನ ಈ ಕಾಲೇಜು ನನ್ನ ಪಟ್ಟಿಯಲ್ಲಿ ಮೇಲೇರಿತು.

ಅಪ್ಪನನ್ನು ಕರೆದುಕೊಂಡು ಅಲ್ಲಿಗೇ ಹೋದೆ, ಬೇಕಂತಲೇ ಮಾಮೂಲಿ ದಿನದ ಸಂಜೆ. ಕಾಲೇಜು ಬಸ್ಸುಗಳು ಹೊರಟರೂ ಅರ್ಧ ಜನ ಅಲ್ಲೇ ಇದ್ದರು. ಮೆಟ್ಟಿಲ ಮೇಲೊಬ್ಬ ಹುಡುಗಿ ಕಂಕುಳಲ್ಲಿ ಲ್ಯಾಬ್ ರೆಕಾರ್ಡ್ ಇಟ್ಟುಕೊಂಡೇ ಸಂಭಾಷಣೆ ಒಪ್ಪಿಸುತ್ತಿದ್ದಳು, ತಪ್ಪಿದಾಗಲೆಲ್ಲ ಗೆಳತಿ ರೆಕಾರ್ಡಿನ ಮೇಲೆ ಬಡಿಯುತ್ತಿದ್ದಳು. ಲೈಬ್ರರಿಯಲ್ಲಿ ಕುರ್ಚಿ ಖಾಲಿ ಇರಲಿಲ್ಲ. ಇವರೆಲ್ಲ ಎಷ್ಟೊತ್ತಿಗೆ ಹೋಗ್ತಾರೆ ಅಂತ ಅಪ್ಪ ವಾಚ್‌ಮನ್‌ಗೆ ಕೇಳಿದರು. "ಎಲ್ಲಿ ಹೋಗ್ತಾರೆ ಸಾರ್, ನಾನೇ ಓಡಿಸ್ಬೇಕು!" ಅಪ್ಪನ ವಾದ ಅರ್ಧ ಅಲ್ಲೇ ಸಡಿಲಾಯಿತು. ಹಾಸ್ಟೆಲ್ ಊಟ ಮಾತ್ರ ಸುಮಾರು. ಜೋಳದ ರೊಟ್ಟಿಯ ಆಸೆ ಬಿಟ್ಟೆ.

ಆಪ್ಶನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಕೆಇಎಗೆ ಬರೆದುಕೊಡುವಾಗ, ಕಟಾಫ್ ಕ್ರಮ ಬಿಟ್ಟು ಇದನ್ನೇ ಮೊದಲು ಬರೆದೆ, ಪಿಡಿಎ ಎರಡನೆಯದು. ಮೊದಲ ಸುತ್ತಿನಲ್ಲಿ ಪಿಡಿಎ ಬಂತು. ಛಾಯ್ಸ್ 2 ಕೊಟ್ಟೆ, ಅಂದರೆ ಸೀಟು ಕೈಯಲ್ಲಿಟ್ಟುಕೊಂಡೇ ಮುಂದಿನ ಸುತ್ತಿಗೆ ಕಾಯುವುದು. ಎರಡನೇ ಸುತ್ತಿನಲ್ಲಿ ಬೆಂಗಳೂರು ಸಿಕ್ಕಿತು. ಹಾಗೆ ಮೇಲಿನದು ಸಿಕ್ಕರೆ ಹಿಂದಿನ ಸೀಟು ತಾನಾಗಿಯೇ ರದ್ದಾಗುತ್ತದೆ, ಆದ್ದರಿಂದ ಮನಸ್ಸಿಲ್ಲದ ಕಾಲೇಜನ್ನು ಹೆಸರಿಗಾಗಿ ಮೇಲೆ ಬರೆಯಬೇಡಿ.