ಸರ್ಪಸುತ್ತು ಕಣ್ಣಿಗೆ ಇಳಿದಾಗ ನಾನು ಮಾಡಿದ್ದು

ಸರ್ಪಸುತ್ತು ಅಂದ್ರೆ ಸೊಂಟಕ್ಕೆ, ಎದೆಗೆ ಬರುವ ಕಾಯಿಲೆ ಅಂತಲೇ ನಮ್ಮ ಸೋಮವಾರಪೇಟೆ ಕಡೆ ಲೆಕ್ಕ. ಹಣೆಗೂ ಬರುತ್ತದೆ, ಅಲ್ಲಿಂದ ಕಣ್ಣಿಗೂ ಇಳಿಯುತ್ತದೆ ಅಂದರೆ ಈಗಲೂ ಎಷ್ಟೋ ಜನ ನಂಬುವುದಿಲ್ಲ.

ನನಗೆ ಬಂದಿದ್ದು ರೊಬಸ್ಟಾ ಕಾಫಿ ಕೊಯ್ಲಿನ ಹೊತ್ತಿಗೆ. ಮೊದಲು ಬಲಗಡೆ ಹಣೆ ಉರಿ. ಬಾಚಣಿಗೆ ತಗುಲಿದರೂ ಚುಳ್ ಅನ್ನುತ್ತಿತ್ತು. ಆಮೇಲೆ ನೀರುಗುಳ್ಳೆಗಳು ಎದ್ದವು, ಬಲಕ್ಕೆ ಮಾತ್ರ. ಪಕ್ಕದ ಮನೆ ಅಜ್ಜಿ ನೋಡಿದವರೇ, "ಸರ್ಪಸುತ್ತು ಮಗಾ, ಕೆಮ್ಮಣ್ಣು ಹಚ್ಚು. ತಲೆ ಬಾಲ ಸೇರಿದ್ರೆ ಕಷ್ಟ" ಅಂದರು. ಕಾಯಿಲೆಯ ಹೆಸರು ಸರಿಯಾಗಿಯೇ ಹೇಳಿದರು. ಕೆಮ್ಮಣ್ಣು ಮಾತ್ರ ಹಚ್ಚಲಿಲ್ಲ. ಒಡೆದ ಗುಳ್ಳೆಗೆ ಮಣ್ಣು ಸೇರಿದರೆ ಕೀವಾಗುತ್ತದೆ, ಅದೂ ಕಣ್ಣಿನ ಪಕ್ಕದಲ್ಲೇ. ತಲೆ ಬಾಲ ಸೇರುವ ಹೆದರಿಕೆಯೂ ಬೇಡ. ಈ ವೈರಸ್ ಒಂದು ನರದ ದಾರಿ ಹಿಡಿದು ಬರುತ್ತದೆ, ಆ ನರ ಮೈಯ ಒಂದು ಪಕ್ಕಕ್ಕೆ ಮಾತ್ರ. ಚಿಕ್ಕಂದಿನಲ್ಲಿ 'ಅಮ್ಮ' ಬಂದಿರುತ್ತದಲ್ಲ, ಆ ಸೀತಾಳೆ ಸಿಡುಬಿನ ವೈರಸ್ಸೇ ಇದು. ಸಿಡುಬು ಇಳಿದ ಮೇಲೂ ನರದ ಬುಡದಲ್ಲಿ ಮಲಗಿರುತ್ತದೆ. ವಯಸ್ಸಾಗಿ ಮೈಯ ಶಕ್ತಿ ತಗ್ಗಿದಾಗ ಏಳುತ್ತದೆ.

ಮಗಳು ನರ್ಸಿಂಗ್ ಓದಿದವಳು. ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಅಪ್ಪಾ, ಮೂಗಿನ ತುದಿಯಲ್ಲಿ ಗುಳ್ಳೆ ಇದೆಯಾ?" ಕನ್ನಡಿ ನೋಡಿದೆ. ಇತ್ತು. ಮೂಗಿನ ತುದಿಗೂ ಕಣ್ಣಿನ ಕಾರ್ನಿಯಾಕ್ಕೂ (ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ) ಹೋಗುವುದು ಒಂದೇ ನರದ ಕವಲು. ಅಲ್ಲಿ ಗುಳ್ಳೆ ಎದ್ದರೆ ಕಣ್ಣಿಗೂ ಇಳಿಯುವ ಸಂಭವ ಜಾಸ್ತಿ ಅಂತ 19ನೇ ಶತಮಾನದಲ್ಲೇ ಹಚಿನ್ಸನ್ ಎಂಬ ಇಂಗ್ಲಿಷ್ ವೈದ್ಯರು ಗುರುತಿಸಿದ್ದರು. ಮೂಗಿನ ಮೇಲೆ ಇಲ್ಲ ಅಂತ ನಿಶ್ಚಿಂತೆಯಾಗಿ ಕೂರುವ ಹಾಗೂ ಇಲ್ಲ, ಆಗಲೂ ಕಣ್ಣಿಗೆ ಬರಬಹುದು.

ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ತಡೆಯುವ ಮಾತ್ರೆ ಶುರುವಾಗಬೇಕು. ಕೊಯ್ಲನ್ನು ಹೆಂಡತಿಗೆ ಒಪ್ಪಿಸಿ ಆವತ್ತೇ ಮಡಿಕೇರಿಗೆ ಹೊರಟೆ. ಅಸೈಕ್ಲೋವಿರ್ 800 ಮಿಲಿಗ್ರಾಂ, ದಿನಕ್ಕೆ 5 ಸಲ ಅಂತ ಬರೆದುಕೊಟ್ಟರು. ಕೊಯ್ಲಿನ ಗಲಾಟೆಯಲ್ಲಿ ಐದು ಸಲ ನೆನಪಿಟ್ಟುಕೊಳ್ಳುವುದು ಸುಮ್ನೆ ಮಾತಲ್ಲ. ತೋಟದ ಹೊತ್ತಿಗೇ ಜೋಡಿಸಿಕೊಂಡೆ: ಬೆಳಿಗ್ಗೆ ಕಾಫಿಗೆ ಒಂದು, ಆಳುಗಳ ತಿಂಡಿಗೆ ಒಂದು, ಊಟ ಆದಮೇಲೆ ಒಂದು, ಸಂಜೆ ಹಣ್ಣು ತೂಕ ಹಾಕುವಾಗ ಒಂದು, ಮಲಗುವ ಮುಂಚೆ ಒಂದು. ಜೊತೆಗೆ ನೀರು ಚೆನ್ನಾಗಿ ಕುಡಿಯಬೇಕು. ಗುಳ್ಳೆ ಒಣಗಿ ಹಕ್ಕಳೆ ಕಟ್ಟುವ ತನಕ ಮೊಮ್ಮಗುವನ್ನು ಎತ್ತಿಕೊಳ್ಳಲಿಲ್ಲ. ಸೀತಾಳೆ ಸಿಡುಬು ಬರದವರಿಗೆ ಗುಳ್ಳೆಯ ನೀರಿನಿಂದ ಅದು ಹತ್ತುತ್ತದೆ.

ಕಣ್ಣಿನ ಡಾಕ್ಟರು ಹತ್ತಿಯ ತುದಿಯನ್ನು ತೆಳ್ಳಗೆ ಹುರಿ ಮಾಡಿ, ಆ ಎಳೆಯಿಂದ ಎಡ ಕಣ್ಣಿನ ಕಾರ್ನಿಯಾ ಮುಟ್ಟಿದರು. ತಟ್ಟನೆ ರೆಪ್ಪೆ ಮುಚ್ಚಿತು. ಬಲಗಣ್ಣಿಗೂ ಮುಟ್ಟಿದರು. ಎಳೆ ಹತ್ತಿರ ಬರುವುದು ಮಂಜುಮಂಜಾಗಿ ಕಂಡಿತು, ಮುಟ್ಟಿದ್ದು ಗೊತ್ತೇ ಆಗಲಿಲ್ಲ. ಹಣೆಗೆ ಗಾಳಿ ಸೋಕಿದರೂ ಜೀವ ಹೋಗುವಷ್ಟು ನೋವು, ಕಣ್ಣಿಗೆ ಮಾತ್ರ ಮುಟ್ಟಿದ ಅರಿವೂ ಇಲ್ಲ. ಕಸ ಬಿದ್ದರೂ, ಹುಣ್ಣಾದರೂ ನಿಮಗೆ ನೋವು ಬರುವುದಿಲ್ಲ, ನೋವು ಬರಲಿ ಅಂತ ಕಾಯಬೇಡಿ ಅಂದರು ಡಾಕ್ಟರು.

ಆಮೇಲಿನ ನನ್ನ ಅಭ್ಯಾಸವೆಲ್ಲ ಈ ಮಾತಿನಿಂದಲೇ. ದಿನಾ ಬೆಳಿಗ್ಗೆ ಕಿಟಕಿ ಪಕ್ಕ ಕನ್ನಡಿ ಹಿಡಿದು ನೋಡುತ್ತೇನೆ. ಕೆಂಪು ಜಾಸ್ತಿಯಾಗಿದೆಯಾ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಇದೆಯಾ ಅಂತ. ಆಮೇಲೆ ಎಡಗಣ್ಣು ಮುಚ್ಚಿ, ಅದೇ ಜಾಗದಲ್ಲಿ ನಿಂತು ಗೋಡೆಯ ಕ್ಯಾಲೆಂಡರ್ ಓದುತ್ತೇನೆ. ದೊಡ್ಡ ಅಂಕಿ ಕಂಡರೆ ಸಾಲದು, ಕೆಳಗಿನ ನಕ್ಷತ್ರದ ಸಾಲು ನಿನ್ನೆಯಷ್ಟೇ ಕಾಣಬೇಕು. ಮಸುಕಾದರೆ ಆವತ್ತೇ ಆಸ್ಪತ್ರೆ. ಕೃತಕ ಕಣ್ಣೀರಿನ ಹನಿ ಬಿಡುವುದನ್ನು ತಪ್ಪಿಸುವುದಿಲ್ಲ. ಕಣದಲ್ಲಿ ಕಾಫಿ ಹರಡುವಾಗ ಪಕ್ಕವೂ ಮುಚ್ಚುವ ಕನ್ನಡಕ ಹಾಕುತ್ತೇನೆ.

ಸ್ಟೀರಾಯ್ಡ್ ಹನಿಯ ಬಗ್ಗೆ ಒಂದು ಮಾತು. ಉರಿಯೂತಕ್ಕೆ ನನಗೂ ಕೊಟ್ಟರು, ಕಣ್ಣಿನ ಒತ್ತಡ ನೋಡಿಕೊಂಡು ನಿಧಾನವಾಗಿ ಇಳಿಸಿದರು. ಒಬ್ಬರು ಮಿಕ್ಕಿದ ಬಾಟಲಿ ಇನ್ನೊಬ್ಬರಿಗೆ ಕೊಡುವ ಚಾಳಿ ನಮ್ಮಲ್ಲಿ ಇದೆ ಅಲ್ವಾ, ಈ ಹನಿಗೆ ಅದು ಖಂಡಿತ ಬೇಡ.

ಹಣೆಯ ನೋವು ಗುಳ್ಳೆ ಮಾಯ್ದು ಮೂರು ತಿಂಗಳಾದರೂ ಬಿಡಲಿಲ್ಲ. ಮಾಮೂಲಿ ನೋವಿನ ಮಾತ್ರೆ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ರಾತ್ರಿ ನರದ ನೋವಿನ ಮಾತ್ರೆ ಗ್ಯಾಬಪೆಂಟಿನ್ ಕೊಟ್ಟು, ಕಡಿಮೆಯಿಂದ ಶುರುಮಾಡಿ ಏರಿಸಿದರು. ಬೆಳಿಗ್ಗೆ ತಲೆ ತೂಗುತ್ತಿತ್ತು, ಅಷ್ಟು ದಿನ ಜೀಪು ಮುಟ್ಟಲಿಲ್ಲ. ಉಲ್ಲನ್ ಟೋಪಿ ತಾಗಿದರೆ ಆಗುತ್ತಿರಲಿಲ್ಲ. ಟೋಪಿಯ ಒಳಗೆ ಹಳೆಯ ರೇಷ್ಮೆ ಸೀರೆಯ ತುಂಡು ಹೊಲಿಸಿಕೊಂಡ ಮೇಲೆ ಚಳಿಗೆ ಹೊರಗೆ ಬರುವಂತಾಯಿತು.

ಬಲಗಣ್ಣು ಈಗಲೂ ಸ್ವಲ್ಪ ಮಸುಕು. ಎದುರಿನದು ಎಷ್ಟು ದೂರ ಇದೆ ಅನ್ನುವ ಅಂದಾಜು ತಪ್ಪುತ್ತದೆ. ಕಾಫಿ ಬಗ್ಗಿಸುವಾಗ ಪಾತ್ರೆಯ ಅಂಚನ್ನು ಲೋಟಕ್ಕೆ ತಾಗಿಸಿಯೇ ಬಗ್ಗಿಸುತ್ತೇನೆ. ಮೆಣಸು ಕೊಯ್ಯಲು ಏಣಿ ಹತ್ತುವುದು ಬಿಟ್ಟೆ.

ಸರ್ಪಸುತ್ತಿಗೆ ಲಸಿಕೆ 2023ರಿಂದ ನಮ್ಮ ದೇಶದಲ್ಲೂ ಸಿಗುತ್ತಿದೆ. 50 ದಾಟಿದವರಿಗೆ, 2ರಿಂದ 6 ತಿಂಗಳ ಅಂತರದಲ್ಲಿ ಎರಡು ಡೋಸ್. ಬೆಲೆ ಜಾಸ್ತಿಯೇ. ನನ್ನ ಪಾಡು ನೋಡಿದ ಹೆಂಡತಿ ಮೊದಲನೆಯದನ್ನು ಹಾಕಿಸಿಕೊಂಡಿದ್ದಾಳೆ, ಕಾಫಿ ಮಾರಿದ ಮೇಲೆ ಎರಡನೆಯದು.